ಮಾತು ಬಿಟ್ಟವರ ನಡುವಿನ ಮೊಟ್ಟೆ

ಗಂಗಿಗೂ ಪಕ್ಕದ ಮನೆಯ ದಿವಾಕರನಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಜಗಳಕ್ಕೆ ಕಾರಣವಾದ ಗಡಿಯ ತೆಂಗಿನಮರವನ್ನು ಸಮುದ್ರ ಎಂದೋ ನುಂಗಿಹಾಕಿತ್ತು. ಜಗಳ ಮಾತ್ರ ಗಟ್ಟಿಯಾಗಿ ನಿಂತಿತ್ತು. ಹೊನ್ನಾವರದ ಆ ದಂಡೆಯಲ್ಲಿ ಪ್ರತಿ ಮಳೆಗಾಲವೂ ಕಡಲು ಒಂದಿಷ್ಟು ಹಿತ್ತಲು ತಿನ್ನುತ್ತಿತ್ತು. ಈಗ ಗಂಗಿಯ ಮನೆಗೂ ನೀರಿಗೂ ನಡುವೆ ಉಳಿದದ್ದು ಒಂದು ಬಾವಿ, ನಾಲ್ಕು ತೆಂಗು, ಅಷ್ಟೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳ ಹಿತ್ತಲ ಮುಂದಿನ ಮರಳಿನಲ್ಲಿ ಕಡಲಾಮೆ ಹತ್ತಿ ಇಳಿದ ಗುರುತು ಕಂಡಿತು. ಮೊಟ್ಟೆ ಇಟ್ಟಿದೆ ಎಂದು ತಿಳಿದು, ನಾಯಿಗಾಗಲಿ ಜನರಿಗಾಗಲಿ ಕಾಣದಿರಲಿ ಎಂದು ಗುರುತನ್ನೆಲ್ಲ ಗುಡಿಸಿಬಿಟ್ಟಳು. ಆಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಕಪಟ ಬಂದದ್ದು ವಾರದ ಮೇಲೆ, ಕಲ್ಲಿನ ಲಾರಿಯ ಜೊತೆ. ದಿವಾಕರನ ಮನೆಯೆದುರು ತಡೆಗೋಡೆಗೆ ಕಲ್ಲು ಸುರಿಯತೊಡಗಿದರು. ಪಂಚಾಯ್ತಿ ಮೆಂಬರ್ ಆದವನು ತನ್ನ ಮನೆಗೆ ಮಾತ್ರ ಗೋಡೆ ತಂದುಕೊಂಡ ಎಂದು ಗಂಗಿಯ ಮೈ ಉರಿಯಿತು. ಗೋಡೆ ಎಲ್ಲಿ ಮುಗಿಯುತ್ತದೋ ಅದರ ಪಕ್ಕದ ಹಿತ್ತಲಿಗೆ ತೆರೆ ಇಮ್ಮಡಿ ಸಿಟ್ಟಿನಿಂದ ಬಡಿಯುತ್ತದೆ. ಬಡಗಿನ ಕೇರಿಯಲ್ಲಿ ಎರಡು ಮನೆ ಹೋದದ್ದು ಹಾಗೆಯೇ. ಇನ್ನು ತನ್ನ ಪಾಳಿ.

ಆಮೆ ಮೊಟ್ಟೆ ಇದ್ದಲ್ಲಿ, ಮರಿ ಹೊರಡುವವರೆಗೆ ಫಾರೆಸ್ಟಿನವರು ಯಾವ ಕೆಲಸವನ್ನೂ ಬಿಡುವುದಿಲ್ಲ. ಗಂಗಿ ನಸುಕಿನಲ್ಲಿ ಮೊಟ್ಟೆಗಳನ್ನು ಅಗೆದು ಮೀನಿನ ಬುಟ್ಟಿಗೆ ತುಂಬಿದಳು. ದಿವಾಕರನ ಮನೆಯೆದುರಿನ ಮರಳಿನಲ್ಲಿ ಗುಂಡಿ ತೋಡಿ, ಬದನೆಕಾಯಿ ಸುರಿದ ಹಾಗೆ ಸುರಿದು ಮುಚ್ಚಿದಳು. ಆಮೇಲೆ ಏನೂ ಅರಿಯದವಳಂತೆ ಫೋನ್ ಮಾಡಿದಳು.

ಫಾರೆಸ್ಟಿನ ಸುಚಿತಾ ಮೇಡಂ ಬಂದು, ಸುತ್ತ ಬಲೆ ಕಟ್ಟಿ, ಲಾರಿ ನಿಲ್ಲಿಸಿದರು. ದಿವಾಕರ ಆಮೆಯ ಕುಲಕ್ಕೆಲ್ಲ ಬೈದ. ಬೈದು ದಣಿದ ಮೇಲೆ ತಾನೇ ಕಾವಲಿಗೆ ಕೂತ. ಮರಿ ಬೇಗ ಹೊರಟರೆ ಗೋಡೆ ಬೇಗ ಏಳುತ್ತದಲ್ಲ. ಕೋಲು ಹಿಡಿದು ನಾಯಿ ಓಡಿಸಿದ. ಆ ವರ್ಷದ ಬಿಸಿಲಿಗೆ ಮರಳು ಕಾಲಿಡಲಾಗದಷ್ಟು ಕಾದಾಗ ತೆಂಗಿನ ಮಡಲು ತಂದು ನೆರಳು ಕಟ್ಟಿದ. ಗಂಗಿ ತನ್ನ ಕೋಳಿಗಳ ಹತ್ತಿರ, ಅವನಿಗೆ ಕೇಳುವಂತೆ ಹೇಳಿದಳು: "ಹೆಂಡ್ತಿ ಹೆತ್ತಾಗ ಆ ಬದಿ ಹಣಕಿ ನೋಡದವ ಈಗ ಆಮೆಗೆ ಸೂಲಗಿತ್ತಿ ಆದ."

ಮೇ ಮುಗಿಯುತ್ತ ಬಂದರೂ ಮರಿ ಬರಲಿಲ್ಲ. ಸುಚಿತಾ ಅಗೆದು ನೋಡಿದರೆ ಮೊಟ್ಟೆಗಳೆಲ್ಲ ಒಂದೂ ಬಿಡದೆ ಕೊಳೆತಿದ್ದವು.

"ಮರಳಿನ ಕಾವಿಗೆ ಬೆಂದಿರಬೇಕು. ಈಗೀಗ ಹೀಗೇ ಆಗ್ತಿದೆ," ಎಂದರು. "ಇಲ್ಲವಾದ್ರೆ ಯಾರಾದ್ರೂ ಕೈ ಹಾಕಿರಬೇಕು. ಇಟ್ಟು ಕೆಲವು ದಿನ ಕಳೆದ ಮೊಟ್ಟೆ ಮಗುಚಿದ್ರೂ ಒಳಗಿನ ಜೀವ ಸಾಯ್ತದೆ."

"ಬಿಸಿಲೇ," ಎಂದಳು ಗಂಗಿ, ಅವಳನ್ನು ಯಾರೂ ಕೇಳದಿದ್ದರೂ.

ಅಷ್ಟರಲ್ಲಿ ಕಡಲು ಎದ್ದಿತು. ಇನ್ನು ಮಳೆಗಾಲ ಕಳೆಯದೆ ಕಲ್ಲು ಹಾಕಲಾಗದು ಎಂದು ಗುತ್ತಿಗೆದಾರ ಲಾರಿ ತಿರುಗಿಸಿದ. ಮೊದಲ ದೊಡ್ಡ ತೆರೆಗಳೇ ಗಂಗಿಯ ಬಾವಿಕಟ್ಟೆಯನ್ನು ಕೆಡವಿದವು. ದಿವಾಕರ ಬೇಲಿಯ ಬಳಿ ಬಂದು ನಿಂತು, ಅಷ್ಟು ವರ್ಷಗಳ ಮೇಲೆ ಬಾಯಿ ಬಿಟ್ಟ.

"ಕಲ್ಲು ನಿನ್ನ ಹಿತ್ಲು ದಾಟಿ ಹೊಳೆಬಾಯಿ ತನಕ ಬರೂದಿತ್ತು, ಗಂಗಕ್ಕ. ನಾನೇ ಬರೆಸಿದ್ದೆ. ನಿನ್ನ ಮೇಲಿನ ಪ್ರೀತಿಗಲ್ಲ. ನಿನ್ನ ಮನೆ ಹೋದ್ರೆ ಕಡಲು ಹಿಂದಿಂದ ಬಂದು ನನ್ನದನ್ನೂ ತಿಂತದೆ, ಅದ್ಕೆ."

"ನಂಗೆ ಎಂತಕ್ಕೆ ಹೇಳ್ಲಿಲ್ಲ ನೀ?"

"ನೀ ಕೇಳಿದ್ಯ?" ಎಂದ ದಿವಾಕರ. "ನಾವು ಮಾತು ಬಿಟ್ಟವ್ರಲ್ವ."

ಬಾವಿಯೊಳಕ್ಕೆ ಉಪ್ಪುನೀರು ಇಳಿಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.