ಒಂದೇ ಬೆಲ್ಲಿನ ಮನೆ

ಅಮೃತಹಳ್ಳಿಯ ಬ್ಯಾಟರಾಯಪ್ಪ ಮೂರಂತಸ್ತು ಕಟ್ಟಿಸಿ ಬೆಲ್ ಮಾತ್ರ ಒಂದೇ ಹಾಕಿಸಿದ್ದರು. ಬೆಲ್ ಆದರೆ ಮೊದಲು ಅವರ ಹೆಂಡತಿ ಗೋಪಾಲಮ್ಮ ನೋಡಬೇಕು. ತಮ್ಮವರಲ್ಲದಿದ್ದರೆ ಮೇಲಿನವರನ್ನು ಕೂಗಬೇಕು. ಕೂಗುವ ಮೊದಲೇ ಇಳಿದು ಬಂದ ಬಾಡಿಗೆದಾರನೊಬ್ಬನನ್ನು ಯಜಮಾನರು ಖಾಲಿ ಮಾಡಿಸಿದ್ದುಂಟು. ಆದರೆ ಗೋಪಾಲಮ್ಮನ ಪಾಲಿಗೆ ಬಂದವರೆಲ್ಲ ತಮ್ಮವರೇ. ಕೊರಿಯರಿನವನೂ ಕಾಫಿ ಕುಡಿದೇ ಹೋಗುತ್ತಿದ್ದ. ಆಕೆ ಇದುವರೆಗೆ ಯಾರನ್ನೂ ಕೂಗಿದ್ದೇ ಇಲ್ಲ.

ಆ ಭಾನುವಾರ ಮೇಲಿನ ಮನೆಯ ಮಹೇಂದ್ರ ಇಸ್ತ್ರಿ ಶರ್ಟು ತೊಟ್ಟು ಕೂತಿದ್ದ. ಜಾಲಹಳ್ಳಿಯ ನರಸಿಂಹಯ್ಯ ಮಗಳು ನಾಗಲಕ್ಷ್ಮಿಯನ್ನು ಕೊಡುವ ಮೊದಲು ಮನೆ ನೋಡಲು ಹತ್ತಕ್ಕೆ ಬರುವವರಿದ್ದರು. ಆ ಹುಡುಗಿ ಒಮ್ಮೆ ನಕ್ಕದ್ದಕ್ಕೇ ಇವನು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಕಾಯುತ್ತ, ಆಫೀಸಿನಿಂದ ರಿಪೇರಿಗೆಂದು ಹೊತ್ತು ತಂದಿದ್ದ ಹಾಲಿನ ಡೈರಿಯ ಕಂಪ್ಯೂಟರನ್ನು ಬಿಚ್ಚಿದ. ಅದರಲ್ಲಿ ಹಾಲಿನ ತೂಕದ ಕಾರ್ಡಿಗೂ ಪ್ರಿಂಟರ್ ಕಾರ್ಡಿಗೂ ಒಂದೇ ಇಂಟರಪ್ಟ್, ಅಂದರೆ ಕಂಪ್ಯೂಟರನ್ನು ಕರೆಯುವ ತಂತಿ. ಯಾರಿಗೆ ಕೆಲಸ ಬಿದ್ದರೂ ಅದನ್ನೇ ಎಳೆಯಬೇಕು. ಆಗ ಕಂಪ್ಯೂಟರು ಆಯಾ ಕಾರ್ಡು ನೋಡಿಕೊಳ್ಳುವ ಪ್ರೋಗ್ರಾಮುಗಳಾದ ಡ್ರೈವರ್‌ಗಳನ್ನು ಸಾಲಾಗಿ ‘ನಿನ್ನದಾ?’ ಎಂದು ಕೇಳುತ್ತದೆ. ಒಂದು ಹೌದೆಂದರೆ ಮುಂದಿನದನ್ನು ಕೇಳುವುದಿಲ್ಲ. ತೂಕದ ಕಾರ್ಡು ಕರೆದಾಗಲೆಲ್ಲ ಈ ಯಂತ್ರ ಕಲ್ಲಾಗಿ ಕೂರುತ್ತಿತ್ತು.

ಹತ್ತಕ್ಕೆ ಬೆಲ್ ಆಯಿತು. ಮಹೇಂದ್ರ ಎದ್ದು ನಿಂತ. ಯಾರೂ ಕೂಗಲಿಲ್ಲ, ಕೂತ. ಮತ್ತೆ ಬೆಲ್, ಮತ್ತೆ ಎದ್ದ. ಹೀಗೇ ಹದಿನಾಲ್ಕು ಸಲ.

ಅಷ್ಟರಲ್ಲಿ ತಪ್ಪು ಸಿಕ್ಕಿತು. ಪ್ರಿಂಟರ್ ಡ್ರೈವರು ತನ್ನ ಕಾರ್ಡನ್ನು ನೋಡದೆಯೇ ಪ್ರತಿ ಕರೆಗೂ ‘ನನ್ನದೇ’ ಎನ್ನುತ್ತಿತ್ತು. ಕೇಳುವವರಿಲ್ಲದ ತೂಕದ ಕಾರ್ಡು ತಂತಿ ಬಿಡದೆ ಎಳೆಯುತ್ತಲೇ ಇತ್ತು, ಕಂಪ್ಯೂಟರಿಗೆ ಓಗೊಡುವುದರಲ್ಲೇ ಉಸಿರು ಹೋಗುತ್ತಿತ್ತು. ಆ ಪ್ರೋಗ್ರಾಮಿನ ಎರಡು ಸಾಲು ತಿದ್ದಿದ, ತೂಕ ಬಂತು. ಖುಷಿಯಲ್ಲಿ ತೊಡೆ ತಟ್ಟಿಕೊಳ್ಳುವಾಗ ಹದಿನೈದನೆಯ ಬೆಲ್ ಆಯಿತು. ಅವನು ಬಿಚ್ಚಿಟ್ಟ ಕಂಪ್ಯೂಟರನ್ನೊಮ್ಮೆ, ಮೆಟ್ಟಿಲಿನ ಕಡೆಗೊಮ್ಮೆ ನೋಡಿದ.

ನಿಯಮ ಹಾಳಾಗಲಿ ಎಂದು ಕೆಳಗೆ ಓಡಿದ. ಜಗಲಿಯ ಮೇಲೆ ಹದಿನಾಲ್ಕು ಖಾಲಿ ಕಾಫಿ ಲೋಟ. ಗಂಡಿನ ಬಾಗಿಲಲ್ಲಿ ನಿಂತು ಫೋನ್ ಮಾಡುವುದೂ ಅವನನ್ನು ಕರೆಸಿ ಎಂದು ಕೇಳುವುದೂ ನರಸಿಂಹಯ್ಯನವರಿಗೆ ಅವಮಾನ. ಹಾಗಾಗಿ ಪ್ರತಿ ಲೋಟ ಮುಗಿಸಿ ಹೊರಗೆ ಬಂದು ಮತ್ತೆ ಬೆಲ್ ಒತ್ತಿದ್ದರು. ಗೋಪಾಲಮ್ಮ ಪ್ರತಿ ಸಲವೂ ಹೊಸದಾಗಿ ಬಾಗಿಲು ತೆಗೆದು, ನಮ್ಮವರೇ ಬನ್ನಿ ಎಂದು ಕೂರಿಸಿದ್ದರು.

“ಬೆಲ್ ಕೇಳಿಸ್ಲಿಲ್ವೇನಪ್ಪ?” ಎಂದರು ನರಸಿಂಹಯ್ಯ.

“ಕೇಳಿಸ್ತು ಸಾರ್. ಗೋಪಾಲಮ್ಮನೋರು ಕೂಗ್ಲಿಲ್ಲ, ಅದಕ್ಕೇ…”

“ನಾಳೆ ನನ್ ಮಗಳು ಕರೆದ್ರೂ ಇವ್ರು ಕೂಗೋವರೆಗೂ ಕಾಯ್ತೀಯಾ?”

ಮಹೇಂದ್ರ ಉತ್ತರಕ್ಕಾಗಿ ಗೋಪಾಲಮ್ಮನ ಮುಖ ನೋಡಿದ.

ನರಸಿಂಹಯ್ಯ ಚಪ್ಪಲಿ ಮೆಟ್ಟಿಕೊಂಡರು. ಗೋಪಾಲಮ್ಮ ಒಳಗಿನಿಂದ ಹದಿನೈದನೆಯ ಲೋಟ ತಂದು, ಪಾಪ ನಮ್ಮವನೇ ಎಂದು ಮಹೇಂದ್ರನ ಕೈಗಿತ್ತರು.