ಕಣ್ಣು ತೆರೆಯುವ ಮುಹೂರ್ತ

ನಮ್ಮಜ್ಜಿಯ ಕಥೆಗಳಲ್ಲಿ ರಾಜರು ಬಹಳ ಶಿಸ್ತಿನವರು. ರಾಜಕುಮಾರಿಯ ತಲೆನೋವು ವಾಸಿ ಮಾಡಿದವರಿಗೆ ಅರ್ಧ ರಾಜ್ಯ ಎಂದು ಡಂಗುರ ಹೊಡೆಸಿದರೆ, ಸಂಜೆಯೊಳಗೆ ಅರ್ಧ ರಾಜ್ಯ ಕೊಟ್ಟುಬಿಡುತ್ತಿದ್ದರು. ಮಂತ್ರಿ ಬಂದು, ಮುಂದಿನ ವಾರ ಒಂದು ಕಾಲ್ ಮಾಡಮ್ಮ ಎಂದದ್ದು ಒಂದು ಕಥೆಯಲ್ಲೂ ಇಲ್ಲ. ಇಂಥ ಕಥೆಗಳನ್ನು ಸಾರನ್ನದ ಜೊತೆ ಕಲಸಿ ತಿಂದು ಬೆಳೆದ ನಾನು, ಗೋಡೆಗಳ ಮೇಲೆ ಚಿತ್ರ ಬರೆದು ಬದುಕುತ್ತೇನೆಂದು ಹೊರಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಮ್ಮ ಕಥೆ ಕೇಳಿ ಬೆಳೆದವಳಲ್ಲ, ಲೆಕ್ಕ ಬರೆದು ಬೆಳೆದವಳು. ನನಗೆ ಒಂದು ವರ್ಷ ಗಡುವು ಕೊಟ್ಟಿದ್ದಳು. ಈ ಶ್ರಾವಣ ಮುಗಿಯುವುದರೊಳಗೆ ಬಣ್ಣ, ಬ್ರಷ್ಷುಗಳ ಖರ್ಚು ಕಳೆದು ಕೈಯಲ್ಲಿ ಏನಾದರೂ ಉಳಿದರೆ ಸರಿ. ಇಲ್ಲದಿದ್ದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್. ಬೆಳಗಿನ ಬ್ಯಾಚೋ ಸಂಜೆಯ ಬ್ಯಾಚೋ ಎಂಬುದನ್ನು ಮಾತ್ರ ನನ್ನ ಸ್ವಾತಂತ್ರ್ಯಕ್ಕೆ ಬಿಟ್ಟಿದ್ದಳು.

ಹೀಗಿರುವಾಗ ಸಿಕ್ಕವರು ಸಾರಕ್ಕಿಯ ಶಿವರಾಮ್. ಅವರ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಪೇಯಿಂಗ್ ಗೆಸ್ಟ್ ಹುಡುಗರು, ನಡುವೆ ಹೊಸದಾಗಿ ಒಂದು ಪಾರ್ಟಿ ಹಾಲ್. ಬಾಗಿಲಿನ ಎದುರು ಗೋಡೆ ತುಂಬ ಗಜಲಕ್ಷ್ಮಿ ಬೇಕು ಎಂದರು. ಸ್ವಲ್ಪ ಅಡ್ವಾನ್ಸ್ ಕೊಟ್ಟು, ಉಳಿದದ್ದು ಕೆಲಸ ಮುಗಿದ ದಿನವೇ ಎಂದರು. ಮಾತು ಕೊಡುವಾಗ ಅವರ ಮುಖದಲ್ಲಿ ಎಂಥ ರಾಜಕಳೆ ಇತ್ತೆಂದರೆ, ಅರ್ಧ ರಾಜ್ಯ ಬೇಡ ಸಾರ್, ಬಾಕಿ ಕೊಟ್ಟರೆ ಸಾಕು ಎನ್ನಬೇಕೆನಿಸಿತ್ತು.

ಆನೆಗಳು ಮುಗಿದವು, ಕಮಲ ಮುಗಿಯಿತು, ಸೀರೆಯ ಜರಿ ಅಂಚೂ ಮುಗಿಯಿತು. ಕಣ್ಣು ಮಾತ್ರ ಉಳಿಸಿದೆ. ಅದು ಅಜ್ಜಿಯಿಂದ ಬಂದ ಅಭ್ಯಾಸ. ಗೌರಿ ಹಬ್ಬಕ್ಕೆ ಅರಿಶಿನದ ಗೌರಿ ಮಾಡಿದರೆ ಸೀರೆ, ಬಳೆ, ಹೂವು ಎಲ್ಲ ಆದ ಮೇಲೆಯೇ ಅಜ್ಜಿ ಕಾಡಿಗೆ ತೆಗೆದು ಕಣ್ಣು ಬರೆಯುತ್ತಿದ್ದಳು. ಕಣ್ಣು ಬರೆಯುವ ತನಕ ಅವಳು ನಾವು ಮಾಡಿದ ಗೊಂಬೆ, ಬರೆದ ಮೇಲೆ ನಾವು ಅವಳು ಮಾಡಿದ ಗೊಂಬೆಗಳು ಎನ್ನುತ್ತಿದ್ದಳು. ಕೇಳುವಾಗ ಮೈ ಜುಮ್ಮೆನ್ನುತ್ತಿತ್ತು. ಇದನ್ನು ನಾನು ಶಿವರಾಮ್‌ಗೂ ಹೇಳಿದೆ. ಅವರು ಕೈ ಮುಗಿದು, ಹಾಗಾದರೆ ಕಣ್ಣಿಗೂ ಒಂದು ಮುಹೂರ್ತ ನೋಡಿಸೋಣ ಎಂದರು. ಅವರ ಪುರೋಹಿತರು ಶ್ರಾವಣದ ಎರಡನೇ ಶುಕ್ರವಾರ ಬೆಳಿಗ್ಗೆ ಇಟ್ಟುಕೊಟ್ಟರು. ಅದೇ ದಿನ ಅದೇ ಹಾಲಿನಲ್ಲಿ ಶಿವರಾಮ್ ಮಗಳು ಹೇಮಶ್ರೀಯ ನಿಶ್ಚಿತಾರ್ಥ.

ಇಷ್ಟಾದರೂ ನನಗೆ ಹೊಳೆಯಲಿಲ್ಲ ನೋಡಿ. ಕಣ್ಣಿನ ಕೆಲಸ ಒಂದು ಗಳಿಗೆಯದು ಸಾರ್, ಬಾಕಿ ಈಗಲೇ ಕೊಟ್ಟುಬಿಡಿ ಎಂದು ಕೇಳಲು ಹೋದಾಗಲೇ ಅವರ ಪಂಚಾಂಗದ ಆಳ ತಿಳಿದದ್ದು. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವುದಿಲ್ಲ. ಮಂಗಳವಾರವೂ ಇಲ್ಲ. ದೀಪ ಹಚ್ಚಿದ ಮೇಲಂತೂ ಕೇಳಲೇಬಾರದು. ಗುರುವಾರ ಅವರು ಮಠದಲ್ಲಿ, ಶನಿವಾರ ಆಂಜನೇಯನ ಗುಡಿಯಲ್ಲಿ. ಭಾನುವಾರಕ್ಕೆ ಶಾಸ್ತ್ರದಲ್ಲಿ ಏನೂ ಸಿಗದೆ ಬ್ಯಾಂಕಿನ ರಜೆ ಹೇಳಿದರು. ಉಳಿದ ಸೋಮವಾರ, ಬುಧವಾರಗಳನ್ನು ನುಂಗಲು ಇಡೀ ಆಷಾಢ. ಆಷಾಢದಲ್ಲಿ ಏನನ್ನೂ ಶುರು ಮಾಡಬಾರದಂತೆ. ನಾನು ಶುರು ಮಾಡುತ್ತಿಲ್ಲ ಸಾರ್, ಮುಗಿಸುತ್ತಿದ್ದೇನೆ ಎಂದೆ. ಚಿಕ್ಕವರು ವಾದ ಮಾಡಬಾರದು ಎಂದರು. ಅದೇ ಆಷಾಢದ ಒಂದು ಶುಕ್ರವಾರ, ದೀಪ ಹಚ್ಚಿದ ಮೇಲೆ, ಯಾರದೋ ಸೀಮಂತಕ್ಕೆ ಹಾಲ್ ಬುಕ್ ಮಾಡಿ ಅಡ್ವಾನ್ಸ್ ತೆಗೆದುಕೊಂಡರು. ಒಳಗೆ ಬರುವ ಲಕ್ಷ್ಮಿಗೆ ರಾಹುಕಾಲವಿಲ್ಲ.

ಹಾಲಿನ ವೈರಿಂಗ್ ಮಾಡಿದ ಮನು ಎಂಬ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ.

"ಅಕ್ಕ, ಕಣ್ಣು ಬರೆದ್ರೆ ಮುಗೀತು ನಿಮ್ ಕಥೆ," ಎಂದ. "ಸ್ವಿಚ್ ಹಾಕಿ ಲೈಟ್ ಉರಿದ ದಿನದಿಂದ ನನ್ ಬಾಕೀನೂ ಇಲ್ಲ, ಫೋನೂ ಎತ್ತಿಲ್ಲ ಅವ್ರು. ಎದುರಿಗೇ ಇರ್ತೀನಿ, ಆದ್ರೂ ಎತ್ತಲ್ಲ."

ನನ್ನ ತಲೆಯೊಳಗೆ ಏನಾದರೂ ಉರಿದಿದ್ದರೆ ಅದು ಆವತ್ತೇ.

ನಿಶ್ಚಿತಾರ್ಥದ ಶುಕ್ರವಾರ ತಲೆಗೆ ಸ್ನಾನ ಮಾಡಿ, ಅಜ್ಜಿಯ ಹಳೆಯ ಇಳಕಲ್ ಸೀರೆ ಉಟ್ಟು, ಬ್ರಷ್ ಹಿಡಿದು ಹೋದೆ. ಹಾಲ್ ತುಂಬ ಮಲ್ಲಿಗೆ, ಫಿಲ್ಟರ್ ಕಾಫಿ, ಗಂಡಿನ ಕಡೆಯವರು. ಲಕ್ಷ್ಮಿ ಮಾತ್ರ ಎರಡು ಖಾಲಿ ಬಿಳಿ ಜಾಗಗಳಿಂದ ಎಲ್ಲರನ್ನೂ ನೋಡದೆ ನೋಡುತ್ತಿದ್ದಳು. ಗಂಡಿನ ಸೋದರತ್ತೆಯೊಬ್ಬರು ಆ ಕಡೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು ಕೂತಿದ್ದರು.

ಪುರೋಹಿತರು ಗಡಿಯಾರ ನೋಡಿ, ಆಗಲಿ ಎಂದರು. ಶಿವರಾಮ್ ನನ್ನತ್ತ ಕೈ ಬೀಸಿದರು. ನಾನು ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಾಗೇ ನಿಂತೆ.

"ಏನಮ್ಮಾ?"

"ಶಾಸ್ತ್ರ ಒಂದು ಬಾಕಿ ಇದೆ ಸಾರ್," ಎಂದೆ. "ನಮ್ಮಜ್ಜಿ ಹೇಳೋರು. ದೇವಿಗೆ ಕಣ್ಣು ಕೊಡೋರ ಕೈ ಮೊದಲು ತುಂಬಿರಬೇಕು. ಋಣ ಇಟ್ಕೊಂಡು ತೆರೆಸಿದ್ರೆ ಅವಳು ಮೊದಲು ನೋಡೋದು ಸಾಲಾನೇ ಅಂತೆ."

ಅಜ್ಜಿ ಇಂಥದ್ದೇನನ್ನೂ ಹೇಳಿರಲಿಲ್ಲ. ಆದರೆ ಏಳು ಸಮುದ್ರದಾಚೆಯ ಗಿಳಿಯ ಬಗ್ಗೆಯೂ ಅವಳಿಗೆ ಯಾರೂ ಹೇಳಿರಲಿಲ್ಲ. ರಾತ್ರಿಗೊಂದು ಬೇಕಾದಾಗ ರಾತ್ರಿಗೊಂದು ಹುಟ್ಟಿಸುತ್ತಿದ್ದಳು. ಮೊಮ್ಮಗಳು ಹಗಲು ಹೊತ್ತಿನಲ್ಲಿ ಒಂದು ಹುಟ್ಟಿಸಿದ್ದಳು, ಅಷ್ಟೇ.

ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟರು. ಶಿವರಾಮ್ ನನ್ನ ಪಕ್ಕಕ್ಕೆ ಬಂದು, ನಗುತ್ತಲೇ, ಹಲ್ಲಿನ ಸಂದಿಯಿಂದ ಮಾತಾಡಿದರು. ಸೋಮವಾರ ಖಂಡಿತ ಎಂದರು. ನಾನೂ ನಗುತ್ತಲೇ, ಕಣ್ಣೂ ಸೋಮವಾರವೇ ಬರೆಯುತ್ತೇನೆ ಸಾರ್ ಎಂದೆ. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಜ್ಞಾಪಿಸಿದರು. ಆ ಪದ್ಧತಿ ಇದೆಯೇ ಎಂದು ಯಾರೋ ಅವರನ್ನು ಕೇಳಿದ್ದಕ್ಕೆ, ಕೆಲವು ಕಡೆ ಇದೆ ಎಂದರು. ತಮಗೆ ಗೊತ್ತಿಲ್ಲದ ಶಾಸ್ತ್ರ ಇದೆ ಎಂದು ಅಷ್ಟು ಜನರ ಮುಂದೆ ಯಾವ ಪುರೋಹಿತರು ಒಪ್ಪುತ್ತಾರೆ?

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಶಿವರಾಮ್ ಅವರ ತಾಯಿ ಬೈರಮ್ಮ ಬಾಯಿ ಖಾಲಿ ಮಾಡಿಕೊಂಡರು.

"ಔದು ಕಣ್ಲಾ. ನಮ್ ಕಾಲ್ದಾಗೂ ಇತ್ತು," ಎಂದರು. ಒಂದು ನಿಮಿಷದ ಹಿಂದೆ ಹುಟ್ಟಿದ ಶಾಸ್ತ್ರ ಅವರ ಕಾಲದಲ್ಲಿ ಹೇಗಿತ್ತೋ ನಾನು ಕೇಳಲು ಹೋಗಲಿಲ್ಲ.

"ಅವ್ವಾ, ಇವತ್ತು ಶುಕ್ರವಾರ. ಲಕ್ಷ್ಮೀನ ಆಚೆ ಕಳಿಸ್ತಾರಾ?"

"ಗೋಡೆ ಮ್ಯಾಲೆ ಒಬ್ಳು ಬರ್ತಾವ್ಳಲ್ಲ, ಫೋನಾಗಿಂದ ಒಬ್ಳು ಓಗ್ಲಿ ಬಿಡು. ಇಬ್ರೂ ಒಂದೇ ಮನ್ಯಾಗಿದ್ರೆ ಜಗಳ ಆಡ್ತಾರೆ."

ಗಂಡಿನ ಸೋದರತ್ತೆ ಕುರ್ಚಿಯನ್ನು ಮತ್ತೆ ಈ ಕಡೆ ತಿರುಗಿಸಿಕೊಂಡರು, ಚೆನ್ನಾಗಿ ಕಾಣಲಿ ಎಂದು. ಶಿವರಾಮ್ ಫೋನ್ ತೆಗೆದು, ಹಾಲಿನಲ್ಲಿ ನೆಟ್‌ವರ್ಕ್ ಬರುವುದಿಲ್ಲ ಎಂದು ಕೊನೆಯ ಅಸ್ತ್ರ ಬಿಟ್ಟರು. ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಹೇಮಶ್ರೀ ತಲೆ ಎತ್ತದೆಯೇ ಹೇಳಿದಳು:

"ಅಪ್ಪಾ, ಹಾಟ್‌ಸ್ಪಾಟ್ ಆನ್ ಮಾಡಿದೀನಿ. ಬೇಗ ಕಳಿಸಿ, ಕಾಲು ಜೋಮು ಹಿಡೀತಿದೆ."

ನನ್ನ ಫೋನು ಟಿಂಗ್ ಎಂದಿತು. ಮೊತ್ತ ಸರಿಯಾಗಿಯೇ ಇತ್ತು. ಅಷ್ಟು ಜನ ನೋಡುತ್ತಿರುವಾಗ ಚೌಕಾಸಿ ಮಾಡಲು ರಾಜರಿಗೂ ಸಂಕೋಚ.

ಆಮೇಲೆ ಕಣ್ಣು ಬರೆದೆ. ಎರಡನೆಯ ಕಣ್ಣಿಗೆ ಬೆಳಕಿನ ಚುಕ್ಕೆ ಇಡುವಾಗ ಅಜ್ಜಿ ಬೆನ್ನ ಹಿಂದೆ ನಿಂತು, ಇನ್ನೊಂಚೂರು ಮೇಲೆ ಇಡೇ ಎಂದ ಹಾಗಾಯಿತು. ಇಟ್ಟೆ. ಗೊಂಬೆ ಇದ್ದಲ್ಲಿ ಲಕ್ಷ್ಮಿ ಬಂದು ಕೂತಳು. ಶಿವರಾಮ್ ಎಲ್ಲರಿಗಿಂತ ಮೊದಲು ಅಡ್ಡಬಿದ್ದರು. ಅದು ನಿಜವಾದ ಭಕ್ತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಅವರ ತಕರಾರು ಇದ್ದದ್ದು ಲಕ್ಷ್ಮಿಯ ಜೊತೆಗಲ್ಲ, ಅವಳ ಓಡಾಟದ ಜೊತೆಗೆ.

ಮನೆಗೆ ಬಂದು ಅಮ್ಮನ ಮುಂದೆ ಫೋನ್ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡು, ಬಣ್ಣ, ಬ್ರಷ್, ಆಟೋ, ನಾನು ಅಲ್ಲಿ ಕುಡಿದ ಎಳನೀರು ಎಲ್ಲ ಕಳೆದಳು. ಆಮೇಲೂ ಉಳಿಯಿತು. ಮತ್ತೊಮ್ಮೆ ಕಳೆದಳು. ಮತ್ತೂ ಉಳಿಯಿತು. ಕೋಚಿಂಗಿನವರಿಗೆ ಬೇಡವೆಂದು ನೀನೇ ಹೇಳು, ನನಗೆ ಮುಜುಗರ ಎಂದು ಕುಕ್ಕರ್ ಇಡಲು ಎದ್ದು ಹೋದಳು.

ಸಂಜೆ ಮನು ಫೋನ್ ಮಾಡಿದ. ಹಿಂದೆ ನಾದಸ್ವರ ಕೇಳುತ್ತಿತ್ತು. ರಾತ್ರಿ ಊಟಕ್ಕೆ ಜನ ಸೇರುತ್ತಿದ್ದಾರೆ, ತಾನು ಮೇನ್ ಸ್ವಿಚ್ಚಿನ ಹತ್ತಿರವೇ ನಿಂತಿದ್ದೇನೆ ಎಂದ.

"ಅಕ್ಕ, ಲೈಟ್ ಬಗ್ಗೆ ನಿಮ್ಮಜ್ಜಿ ಏನೂ ಹೇಳಿಲ್ವಾ?"

"ಒಂದ್ ನಿಮಿಷ ಇರು ಮನು," ಎಂದೆ. "ನೆನಪು ಮಾಡ್ಕೋತೀನಿ."