ಅಕ್ಕನ ದನಿ ಎಂದು ಬರೆದ ಸಾಲು

ಮೈಕು ಗುಂಯ್ ಎನ್ನುತ್ತಿದೆ, ಯಾರೋ ಹೋಗಿ ವೈರು ಅಲ್ಲಾಡಿಸಿದರು, ಇನ್ನೂ ಗುಂಯ್, ಚಾಮರಾಜಪೇಟೆಯ ಈ ಸಭಾಂಗಣದಲ್ಲಿ ಎಲ್ಲರೂ ಮುಖ ಸಿಂಡರಿಸಿದ್ದಾರೆ, ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಅಕ್ಕ ಒಬ್ಬಳೇ ನಗುತ್ತಾ ಕೂತಿದ್ದಾಳೆ, ಹುಟ್ಟಿದಾಗಿನಿಂದ ಕಿವಿ ಕೇಳದ ಅವಳಿಗೆ ಯಾವ ಮೈಕಾದರೇನು — ನಾನು ತೊಟ್ಟಿರುವ ಈ ರವಿಕೆ ಅವಳೇ ಹೊಲಿದದ್ದು, ಅವಳು ಕೆಲಸ ಮಾಡುವ ಗಾಂಧಿ ಬಜಾರಿನ ಟೈಲರ್ ಅಂಗಡಿಯಲ್ಲಿ, ಊಟದ ಬಿಡುವಿನಲ್ಲಿ, ತೋಳು ಬಿಗಿ ಎಂದರೆ, ಅಲ್ಲಿ ಹೋಗಿ ಸಣ್ಣ ಆಗ್ತೀಯ ಬಿಡು ಎಂದು ಸನ್ನೆಯಲ್ಲೇ ಗೇಲಿ ಮಾಡಿದಳು. ಅಲ್ಲಿ ಎಂದರೆ ಎಡಿನ್‌ಬರೋ, ಸನ್ನೆ ಭಾಷೆಯ ಎಂ.ಎ., ಹದಿನಾಲ್ಕನೇ ತಾರೀಕು ವಿಮಾನ, ಓದಿನ ಪೂರ್ತಿ ಖರ್ಚು ಈ ಸಮಾರಂಭ ನಡೆಸುತ್ತಿರುವ ಟ್ರಸ್ಟಿನದು. ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯನವರೇ ಫೋನ್ ಮಾಡಿದ್ದರು — ಮಾನ್ಯ, ಅರ್ಜಿ ಜೊತೆ ಅಕ್ಕನ ಬಗ್ಗೆ ಬರೆದಿದ್ಯಲ್ಲಮ್ಮ ಆ ಪ್ರಬಂಧ, ಕಮಿಟಿಯೋರೆಲ್ಲ ಕಣ್ಣು ಒರೆಸ್ಕೊಂಡ್ರು, ಸಮಾರಂಭದಲ್ಲಿ ನೀನೇ ಓದ್ಬೇಕು, ಅಕ್ಕನ್ನೂ ಕರ್ಕೊಂಡ್ ಬಾ. ಏನು ಬರೆದೆ, ಏನು ಬರೆದೆ, ಅಕ್ಕ ಮೂರು ದಿನದಿಂದ ಕೇಳುತ್ತಿದ್ದಾಳೆ, ಅಲ್ಲೇ ನೋಡು ಎಂದೆ, ನೋಡಬಾರದು ಎಂದುಕೊಂಡೆ, ತುಟಿ ನೋಡಿಯೇ ನನ್ನ ಮಾತನ್ನೆಲ್ಲ ತಿಳಿಯಬಲ್ಲವಳು ಅವಳು, ಅದಕ್ಕೇ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಓದುತ್ತಿದ್ದೇನೆ, ಒಂದು ಪುಟ ಹಾಗೇ ದಾಟಿತು, ಎರಡನೆಯದರಲ್ಲಿ ಅಕ್ಕನ ಕೈ ಮೇಲೆದ್ದಿತು, ಹಾಳೆ ಇಳಿಸು, ನಂಗೆ ಕಾಣ್ತಿಲ್ಲ.

ಇಳಿಸಿದೆ. ಮುಂದಿನ ಸಾಲು ಅದೇ — ಚಿಕ್ಕಂದಿನಿಂದ ನಾನೇ ನನ್ನ ಅಕ್ಕನ ದನಿ, ಒಂದು ದಿನವೂ ಅವಳಿಂದ ಮುಖ ತಿರುಗಿಸಿದವಳಲ್ಲ — ತುಟಿ ಏಳುತ್ತಿಲ್ಲ, ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಾಳೆ, ಯಾಕಮ್ಮ, ನೀರು ಬೇಕಾ ಎನ್ನುತ್ತಿದ್ದಾರೆ ಮಲ್ಲಿಕಾರ್ಜುನಯ್ಯನವರು, ಬೇಡ ಸಾರ್, ಕಣ್ಣ ಮುಂದೆ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡು, ಮೊದಲ ಪಿಯುಸಿ, ಕಾಲೇಜು ಸೇರಿ ಒಂದು ವಾರ, ಹೊಸ ಗೆಳತಿಯರ ನಡುವೆ ನಿಂತಿದ್ದೇನೆ, ರಸ್ತೆಯಾಚೆ ತರಕಾರಿ ಮೂಟೆಗಳ ಸಂದಿಯಲ್ಲಿ ಅಕ್ಕ, ನಾನು ಮರೆತುಬಂದ ಊಟದ ಡಬ್ಬಿ ಹಿಡಿದು ಓಡಿ ಬಂದಿದ್ದಾಳೆ, ಗಂಟಲಿನಿಂದ ಆ ಒರಟು ಸದ್ದು ತೆಗೆದು ಕೂಗುತ್ತಿದ್ದಾಳೆ, ಹಮಾಲರು ತಿರುಗಿ ನೋಡುತ್ತಿದ್ದಾರೆ, ಅವಳು ಬೆರಳನ್ನು ಗದ್ದಕ್ಕೆ ಇಟ್ಟಳು, ನನ್ನ ಗದ್ದದ ಮೇಲೊಂದು ಮಚ್ಚೆ, ಅಕ್ಕನ ಸನ್ನೆಯಲ್ಲಿ ನನ್ನ ಹೆಸರೇ ಅದು, ಮತ್ತೆ ಇಟ್ಟಳು, ಯಾರೇ ಅದು, ನಿನ್ನನ್ನೇ ಕರೀತಿದ್ದಾಳಲ್ಲ ಎಂದಳು ಪಕ್ಕದಲ್ಲಿದ್ದ ಧೃತಿ, ಯಾರೋ, ನಂಗೊತ್ತಿಲ್ಲ ಕಣೇ, ಬಾ ಬಸ್ ಬಂತು ಎಂದೆ. ಸಂಜೆ ಮನೆಗೆ ಬಂದರೆ ಡಬ್ಬಿ ತೊಳೆದು ಕವುಚಿಟ್ಟಿತ್ತು. ಅಕ್ಕ ಏನೂ ಕೇಳಲಿಲ್ಲ, ಐದು ವರ್ಷ ಕೇಳಲಿಲ್ಲ, ನಾನು ಮುಖ ತಿರುಗಿಸಿದ್ದು ಅವಳಿಗೆ ಕಾಣಲಿಲ್ಲವೇನೋ, ಜನಸಂದಣಿ ಅಷ್ಟಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಆಮೇಲೆ ಒಂದು ದಿನ ಕೂತು ಈ ಸಾಲು ಬರೆದೆ, ಬರೆಯುವಾಗ ಅಳುವೂ ಬಂದಿತ್ತು, ನಿಜದ ಅಳು, ಅದು ಹೇಗೆ ಬಂತು.

ಸಾರ್, ಇದು ಸುಳ್ಳು. ಮೈಕಿನಲ್ಲಿ ನನ್ನದೇ ದನಿ. ಹಾಳೆ ಕೆಳಗಿಟ್ಟೆ, ಎರಡೂ ಕೈ ಬೇಕು, ಬಾಯಲ್ಲಿ ಸಭೆಗೆ, ಕೈಯಲ್ಲಿ ಅಕ್ಕನಿಗೆ, ಡಬ್ಬಿ, ಬಸ್ಸು, ಯಾರೋ ಎಂದದ್ದು, ಎಲ್ಲ ಹೇಳಿದೆ, ಮಲ್ಲಿಕಾರ್ಜುನಯ್ಯನವರು ಕನ್ನಡಕ ತೆಗೆದರು, ಹದಿನಾಲ್ಕನೇ ತಾರೀಕಿನ ವಿಮಾನ ಹೋಯಿತು, ಹೋಗಲಿ, ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆ ಪೇಪರ್ ಹಂಗೇ ಇರ್ಲಿ, ನೀನು ಹೇಳಮ್ಮ, ನಿಧಾನಕ್ಕೆ ಹೇಳು ಎನ್ನುತ್ತಿರುವುದು ಮಲ್ಲಿಕಾರ್ಜುನಯ್ಯನವರೇನಾ, ಅವರೇ, ಆದರೆ ನಾನು ಅಕ್ಕನನ್ನು ನೋಡುತ್ತಿದ್ದೇನೆ. ಗೊತ್ತು ಎಂದಿತು ಅವಳ ಕೈ. ಅವತ್ತೇ ಗೊತ್ತು. ನಗುತ್ತಿಲ್ಲ, ಅಳುತ್ತಲೂ ಇಲ್ಲ, ಎದ್ದು ನಿಂತಳು, ಇಷ್ಟು ಜನರ ಎದುರಿಗೆ, ಬೆರಳು ಗದ್ದದ ಮೇಲೆ, ತೆಗೆದಳು, ಮತ್ತೆ ಗದ್ದದ ಮೇಲೆ, ನಾನು ಹತ್ತಿರ ಬರುವ ತನಕ ಇಳಿಸುವುದಿಲ್ಲ ಎನ್ನುವ ಹಾಗೆ, ಬೆರಳು, ಗದ್ದದ ಮೇಲೆ ಬೆರಳು —